ಹದ ಹೋದ ಉಳಿ

ಸಾಗರದಲ್ಲಿ ನಮ್ಮ ದೊಡ್ಡಪ್ಪನ ಮನೆ ಜಗಲಿಯ ಮೇಲೆ ಒಂದು ಉಳಿ ನನ್ನ ಕೈಯಲ್ಲೇ ನೀಲಿಯಾಯಿತು. ಮೂರು ಸೆಕೆಂಡೂ ಬೇಕಾಗಲಿಲ್ಲ. ಈ ಸಲದ ಅಂಕಣ ಅದರದ್ದೇ ಕಥೆ.

ಸಾಗರ, ಸೊರಬ ಅಂದಕೂಡಲೇ ಗುಡಿಗಾರರ ಶ್ರೀಗಂಧದ ಕೆತ್ತನೆ ನೆನಪಾಗುತ್ತದೆ. ನಮ್ಮ ದೊಡ್ಡಪ್ಪ ಗುಡಿಗಾರರಲ್ಲ, ಮರಗೆಲಸದವರು. ಹುಡುಗನಾಗಿದ್ದಾಗ ಗುಡಿಗಾರರೊಬ್ಬರ ಪಕ್ಕ ಕೂತು ಕೂತು ಕೆತ್ತನೆ ಕಲಿತವರು. ಗಂಧದ ತುಂಡು ಅವರ ಕೈಗೆ ಬಂದದ್ದು ಅಪರೂಪ. ತೇಗ, ಹಲಸು, ಶಿವನೆ ಇವೇ ಅವರ ಮರಗಳು. ಈಗ ವಯಸ್ಸು ಅರವತ್ತೆಂಟು. ಅವರ ಹತ್ತಿರ ಸಣ್ಣದು ದೊಡ್ಡದು ಸೇರಿ ನಲವತ್ತರಷ್ಟು ಉಳಿಗಳಿವೆ. ಅರ್ಧದಷ್ಟು ಚಪ್ಪಟೆ ಬಾಯಿಯವು, ಉಳಿದವು ದುಂಡು ಬಾಯಿಯವು. ಬಳ್ಳಿಯ ಸುರುಳಿ, ಹೂವಿನ ಎಸಳು, ದೇವರ ಕೆನ್ನೆ, ಎಲ್ಲ ಈ ದುಂಡು ಬಾಯಿಯ ಉಳಿಗಳ ಕೆಲಸ.

ಎರಡು ವರ್ಷದಿಂದ ದೊಡ್ಡಪ್ಪನ ಬೆರಳ ಗಂಟುಗಳಲ್ಲಿ ನೋವು. ಕೊಡತಿ ಹಿಡಿಯೋಕೆ ತೊಂದರೆ ಇಲ್ಲ, ಉಳಿಯನ್ನು ಸಾಣೆಕಲ್ಲಿನ ಮೇಲೆ ಒತ್ತಿ ಉಜ್ಜೋಕೆ ಆಗೋದಿಲ್ಲ. ಉಜ್ಜೋಕಾಗಲ್ಲ ಅಂತ ಸಾಣೆ ಹಿಡಿಯೋದು ಕಡಿಮೆಯಾಯಿತು. ಉಳಿ ಮೊಂಡಾಯಿತು. ಮೊಂಡು ಉಳಿಗೆ ಜಾಸ್ತಿ ಬಲ ಬೇಕು, ಜಾಸ್ತಿ ಬಲ ಹಾಕಿದರೆ ನೋವೂ ಜಾಸ್ತಿ. ನಾವು ಸಾಫ್ಟ್‌ವೇರ್‌ನವರು ಇಂಥದ್ದಕ್ಕೆ ಲೂಪ್ ಅನ್ನುತ್ತೇವೆ. ಅದರ ಮೇಲೆ ತೇಗದ ಮರದಲ್ಲಿ ಮರಳಿನ ಅಂಶ ಇರುತ್ತದೆ, ಎಂಥ ಉಳಿಯನ್ನೂ ಅದು ಬೇಗ ಸವೆಸುತ್ತದೆ. ಹೋದ ವರ್ಷ ಒಂದು ತೇಗದ ಬಾಗಿಲ ಚೌಕಟ್ಟಿನ ಕೆಲಸ ಬಂದಾಗ ದೊಡ್ಡಪ್ಪ "ಇನ್ನು ಸಾಕು ಬಿಡು" ಅಂದುಬಿಟ್ಟರಂತೆ. ದೊಡ್ಡಮ್ಮ ಫೋನ್ ಮಾಡಿದ್ದು ಅದನ್ನು ಹೇಳೋಕೆ. "ಕೆಲಸ ಬಿಟ್ಟು ಕೂತ್ರೆ ಈ ಮನುಷ್ಯ ಉಳಿಯೋದಿಲ್ಲ ಅಪ್ಪೀ" ಅಂದರು.

ಇಂಜಿನಿಯರ್ ಮಗ ಏನು ಮಾಡುತ್ತಾನೆ? ಮೆಷಿನ್ ತರುತ್ತಾನೆ. ಆರು ಇಂಚಿನ ಎರಡು ಕಲ್ಲಿನ ಬೆಂಚ್ ಗ್ರೈಂಡರ್ ಕೊಂಡು, ರಾತ್ರಿ ಬಸ್ಸಿನಲ್ಲಿ ಕಾಲ ಬುಡದಲ್ಲಿ ಇಟ್ಟುಕೊಂಡು ಸಾಗರಕ್ಕೆ ಒಯ್ದೆ. ಬೆಳಿಗ್ಗೆ ಕಾಫಿ ಕುಡಿದವನೇ ಜಗಲಿಯಲ್ಲಿ ಹಲಗೆಗೆ ಬಿಗಿದೆ. ದೊಡ್ಡಪ್ಪ ದೂರದಲ್ಲಿ ನಿಂತು ನೋಡುತ್ತಿದ್ದರು. ತೋರಿಸೋ ಉತ್ಸಾಹದಲ್ಲಿ ಕೈಗೆ ಸಿಕ್ಕ ದುಂಡು ಉಳಿ ಎತ್ತಿಕೊಂಡೆ. ಅದು ಅಜ್ಜನ ಕಾಲದ್ದು, ಊರಿನ ಕಮ್ಮಾರರು ಹಳೇ ಅರವನ್ನು ಬಡಿದು ಮಾಡಿಕೊಟ್ಟದ್ದು ಅಂತ ನನಗೆ ಆಮೇಲೆ ಗೊತ್ತಾಯಿತು. ಕಲ್ಲಿಗೆ ತಾಗಿಸಿದೆ, ಕಿಡಿ ಹಾರಿತು, ಚೆನ್ನಾಗಿ ಕಂಡಿತು. ತೆಗೆದು ನೋಡಿದರೆ ಬಾಯಿಯ ತುದಿ ನವಿಲುಗರಿ ಬಣ್ಣಕ್ಕೆ ತಿರುಗಿತ್ತು.

"ಹದ ಹೋತಲೋ ಅಪ್ಪೀ" ಅಂದರು ದೊಡ್ಡಪ್ಪ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನು ಸುಮ್ಮನಿರಬೇಕಿತ್ತು. "ಬಣ್ಣ ತಾನೆ, ಉಜ್ಜಿದರೆ ಹೋಗುತ್ತೆ" ಅಂದೆ. ಅವರು ಮಾತಾಡದೆ ಬಣ್ಣ ಹೋಗುವಷ್ಟು ಕಲ್ಲಿನ ಮೇಲೆ ಉಜ್ಜಿ, ಹರಿತ ಮಾಡಿ, ತೇಗದ ತುಂಡೊಂದನ್ನು ಕೊಟ್ಟು ಕೆತ್ತು ಅಂದರು. ಹತ್ತು ಸಲ ಹೊಡೆಯುವಷ್ಟರಲ್ಲಿ ಉಳಿಯ ಅಂಚು ತಗಡಿನ ಹಾಗೆ ಮಡಚಿಕೊಂಡಿತು.

ಡಿಗ್ರಿಯಲ್ಲಿ ಓದಿದ್ದ ಪಾಠ ಆಗ ನೆನಪಾಯಿತು. ಕಮ್ಮಾರ ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದಾಗ ಅದು ಗಾಜಿನಷ್ಟು ಗಡಸಾಗುತ್ತದೆ, ಅಷ್ಟೇ ಸುಲಭವಾಗಿ ಒಡೆಯುತ್ತದೆ ಕೂಡ. ಆಮೇಲೆ ಅದನ್ನು ಹಗುರಾಗಿ ಮತ್ತೆ ಕಾಯಿಸಿ ಬೇಕಾದಷ್ಟು ಮಾತ್ರ ಮೆದು ಮಾಡುತ್ತಾನೆ. ಅದೇ ಹದ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಬರುತ್ತದೆ, ಮುಂದೆ ಕಂದು, ನೇರಳೆ, 300ರ ಹತ್ತಿರ ನೀಲಿ. ನೀಲಿ ಕಂಡಿತು ಅಂದರೆ ಉಳಿಯ ಗಡಸುತನ ಅಷ್ಟರಮಟ್ಟಿಗೆ ಹೋಯಿತು ಅಂತಲೇ ಅರ್ಥ. ಬಣ್ಣ ಬರೀ ಮೇಲ್ಮೈಯದು, ಹಾಳಾದದ್ದು ಒಳಗೆ. ಅದಕ್ಕೆ ಒಂದು ದಾರಿ ಅಂದರೆ, ಕೆಟ್ಟಷ್ಟು ಭಾಗವನ್ನು ಪೂರ್ತಿ ಸವೆಸಿ ಹಿಂದಿನ ಒಳ್ಳೆ ಉಕ್ಕಿಗೆ ಹೋಗೋದು.

ಆ ಕೆಲಸವನ್ನು ದೊಡ್ಡಪ್ಪ ಎರಡು ಸಂಜೆ ಕೂತು ಕೈಯಲ್ಲೇ ಮಾಡಿದರು, ಅದೇ ನೋಯುವ ಬೆರಳುಗಳಲ್ಲಿ. ನಾನು ಕೇಳಿದರೂ ಕೊಡಲಿಲ್ಲ. ಐದು ಮಿಲಿಮೀಟರ್ ಹೋಯಿತು. ಉಳಿಯ ಆಯಸ್ಸು ಅಂದರೆ ಅದರ ಉದ್ದ. ಎಷ್ಟೋ ವರ್ಷ ಬರಬೇಕಾಗಿದ್ದನ್ನು ನಾನು ಕಾಫಿ ಕುಡಿದು ಬಂದ ಹುಮ್ಮಸ್ಸಿನಲ್ಲಿ ಮುಗಿಸಿದ್ದೆ.

ಬೆಂಗಳೂರಿಗೆ ವಾಪಸು ಬಂದ ಮೇಲೆ, ಕೊಳ್ಳೋ ಮೊದಲು ಮಾಡಬೇಕಿದ್ದ ಲೆಕ್ಕ ಮಾಡಿದೆ. ಮೆಷಿನ್ನಿನ ತಗಡಿನ ಮೇಲೆ ನಿಮಿಷಕ್ಕೆ 2850 ಸುತ್ತು ಅಂತ ಬರೆದಿತ್ತು. ಆರು ಇಂಚಿನ ಕಲ್ಲಿನ ಅಂಚು ಆ ಲೆಕ್ಕದಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಓಡುತ್ತದೆ! ಉಳಿಯ ಬಾಯಿ ಕಾಗದದಷ್ಟು ತೆಳು. ಅಲ್ಲಿ ಹುಟ್ಟಿದ ಬಿಸಿಗೆ ಹರಡಿಕೊಳ್ಳೋಕೆ ಲೋಹವೇ ಇಲ್ಲ. ಫ್ಯಾನಿನ ರೆಗ್ಯುಲೇಟರ್ ಹಾಕಿ ವೇಗ ಇಳಿಸೋಣ ಅಂತ ಗೆಳೆಯನೊಬ್ಬ ಹೇಳಿದ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಇಂಥ ಮೋಟಾರಿನ ವೇಗ ಸರಿಯಾಗಿ ಇಳಿಯೋದಿಲ್ಲ, ಮೋಟಾರೇ ಬಿಸಿಯಾಗಿ ಸುಟ್ಟುಹೋದೀತು.

ಅದಕ್ಕಿಂತ ಮುಖ್ಯವಾಗಿ, ನಾನು ಪ್ರಶ್ನೆಯನ್ನೇ ತಪ್ಪಾಗಿ ಅರ್ಥ ಮಾಡಿಕೊಂಡಿದ್ದೆ. ಮುಂದಿನ ಸಲ ಹೋದಾಗ ಒಂದು ದಿನ ಪೂರ್ತಿ ದೊಡ್ಡಪ್ಪನ ಎದುರು ಕೂತು ಬರೀ ನೋಡಿದೆ. ಕಲ್ಲಿಗೆ ಕೊಟ್ಟು ಉಕ್ಕು ಸವೆಸುವ ಕೆಲಸ ಅವರಿಗೆ ಬೇಕಾಗೋದು ಉಳಿ ಮುಕ್ಕಾದಾಗ ಮಾತ್ರ. ದಿನಕ್ಕೆ ಹತ್ತಾರು ಸಲ ಬೇಕಾಗೋದು ಬೇರೆ: ಹಸಿರು ಪಾಲಿಷ್ ಸವರಿದ ಚರ್ಮದ ಪಟ್ಟಿಯ ಮೇಲೆ ಉಳಿಯನ್ನು ಹಿಂದಕ್ಕೆ ಎಳೆದು ಅಂಚನ್ನು ನಯ ಮಾಡೋದು. ಬೆರಳು ನೋಯುತ್ತಿದ್ದದ್ದು ಅದಕ್ಕೆ. ಮೆಷಿನ್ ಬೇಕಿದ್ದದ್ದು ಅಲ್ಲಿ.

ಹೊಸ ಮೆಷಿನ್ ಬಹಳ ಸಾದಾ. ನಿಮಿಷಕ್ಕೆ 1440 ಸುತ್ತಿನ ಹಳೇ ಕಾಲು ಎಚ್‌ಪಿ ಮೋಟಾರು. ಅದಕ್ಕೆ ಎರಡಿಂಚಿನ ಪುಲ್ಲಿ, ಆಚೆ ಶಾಫ್ಟಿಗೆ ಎಂಟಿಂಚಿನ ಪುಲ್ಲಿ, ನಡುವೆ ಬೆಲ್ಟು. ಅಲ್ಲಿಗೆ 360 ಸುತ್ತು. ಶಾಫ್ಟಿನ ಮೇಲೆ ಎಂಟಿಂಚಿನ ಪ್ಲೈವುಡ್ ಚಕ್ರ, ಅದರ ಅಂಚಿಗೆ ಅಂಟಿಸಿದ ಚರ್ಮ. ವೇಗ ಗಂಟೆಗೆ 14 ಕಿ.ಮೀ. ಒಳಗೆ, ಸೈಕಲ್ಲಿನಷ್ಟು. ಚಕ್ರ ನಮ್ಮಿಂದ ಆಚೆಗೆ ಉರುಳುವ ಹಾಗೆ ತಿರುಗಬೇಕು, ಉಳಿಯ ಬಾಯಿಯೂ ಅದೇ ದಿಕ್ಕಿಗೆ ಇರಬೇಕು. ಎದುರು ಹಿಡಿದರೆ ಚರ್ಮ ಸೀಳುತ್ತದೆ, ಉಳಿ ಕೈಯಿಂದ ಕಿತ್ತು ಹಾರುತ್ತದೆ. ದೊಡ್ಡಮ್ಮನ ಸೆರಗಿನ ಚಿಂತೆಗೆ ಬೆಲ್ಟಿಗೊಂದು ತಗಡಿನ ಮುಚ್ಚಳ ಮಾಡಿಸಿದೆ. ಕಣ್ಣಿಗೆ ಕನ್ನಡಕ ಬೇಕೇ ಬೇಕು, ಕೈಗವಸು ಬೇಡವೇ ಬೇಡ.

ಇಷ್ಟು ನನ್ನ ಬುದ್ಧಿ. ಉಳಿದದ್ದು ಅವರದ್ದು. ದುಂಡು ಉಳಿಗೆ ಹೊರಗಡೆ ಎಷ್ಟು ಮುಖ್ಯವೋ ಒಳಗಡೆಯೂ ಅಷ್ಟೇ ಮುಖ್ಯ. ಚಪ್ಪಟೆ ಚಕ್ರ ಒಳಗೆ ಹೋಗೋದಿಲ್ಲವಲ್ಲ? ದೊಡ್ಡಪ್ಪ ಉಳಿಯ ಬಾಯನ್ನು ರಟ್ಟಿನ ಮೇಲೆ ಒತ್ತಿ, ಬಿದ್ದ ಗುರುತನ್ನು ಕತ್ತರಿಸಿ, ಅದೇ ಅಳತೆಗೆ ಉಬ್ಬಿರುವ ಇನ್ನೊಂದು ಮರದ ಚಕ್ರವನ್ನು ಲೇತ್ ಅಂಗಡಿಯಲ್ಲಿ ಕಡೆಸಿಕೊಂಡು ಬಂದರು. ಮರಕ್ಕೇ ಪಾಲಿಷ್ ಸವರಿದರು. ಹೊರಮೈಯನ್ನು ಚರ್ಮದ ಮೇಲೆ ಮಣಿಕಟ್ಟು ತಿರುಗಿಸುತ್ತ ಈ ಮೂಲೆಯಿಂದ ಆ ಮೂಲೆಗೆ ಒಂದು ಸಲ, ಒಳಮೈಯನ್ನು ಉಬ್ಬಿನ ಮೇಲೆ ಒಂದು ಸಲ. ಹತ್ತು ಸೆಕೆಂಡು, ಮುಗೀತು. ನಾನು ಮಾಡುವಾಗ ಹಿಡಿ ಸ್ವಲ್ಪ ಎತ್ತುತ್ತೇನೆ. "ಮೂತಿ ದುಂಡಗಾತದೆ, ಇಳಿಸು" ಅಂತ ಜಗಲಿಯ ಆಚೆ ತುದಿಯಿಂದಲೇ ಹೇಳುತ್ತಾರೆ. ನೋಡದೆ ಹೇಗೆ ಗೊತ್ತಾಯಿತು ಅಂದರೆ, ಸದ್ದು ಬೇರೆ ಅನ್ನುತ್ತಾರೆ. ನನಗೆ ಇನ್ನೂ ಆ ಎರಡು ಸದ್ದಿನ ವ್ಯತ್ಯಾಸ ಕೇಳಿಸಿಲ್ಲ.

ಹರಿತ ನೋಡೋಕೆ ಅವರು ಶಿವನೆ ಮರದ ತುಂಡನ್ನು ಎಳೆಗೆ ಅಡ್ಡಲಾಗಿ ಕೆತ್ತುತ್ತಾರೆ. ಮೆದು ಮರ ಮೊಂಡು ಉಳಿಯನ್ನು ಬೇಗ ಹಿಡಿದುಕೊಡುತ್ತದೆ. ಎಳೆ ಜಜ್ಜಿ ಬೆಳ್ಳಗೆ ಕಂಡರೆ ಮತ್ತೆ ಚಕ್ರಕ್ಕೆ, ಕೆತ್ತಿದ ಜಾಗ ಹೊಳೆದರೆ ಕೆಲಸಕ್ಕೆ.

ನಾನು ಮೊದಲು ತಂದ ಗ್ರೈಂಡರ್ ಮೂಲೆಯಲ್ಲೇ ಇದೆ. ಅದರ ಬೂದು ಕಲ್ಲು ತೆಗೆದು, ಕಡಿಮೆ ಬಿಸಿ ಮಾಡುವ ಬಿಳಿ ಕಲ್ಲು ಹಾಕಿದ್ದೇವೆ. ಮುಕ್ಕಾದ ಚಪ್ಪಟೆ ಉಳಿಗಳಿಗೆ ಮಾತ್ರ, ಪಕ್ಕದಲ್ಲಿ ನೀರಿನ ಚೊಂಬು ಇಟ್ಟುಕೊಂಡು. ಬಾಯಿಯ ಹತ್ತಿರ ಹಿಡಿದ ಬರಿ ಬೆರಳಿಗೆ ಬಿಸಿ ತಾಗಿದ ಕೂಡಲೇ ನೀರಿಗೆ. ದೊಡ್ಡಮ್ಮನ ಮೆಟ್ಟುಗತ್ತಿಗೂ ಅದೇ ಕಲ್ಲು. ಮಳೆಗಾಲದಲ್ಲಿ ಕರೆಂಟು ಹೋದ ದಿನ ಹಳೇ ಚರ್ಮದ ಪಟ್ಟಿ ಮತ್ತೆ ಹೊರಗೆ ಬರುತ್ತದೆ, ಅವತ್ತು ಕೆಲಸ ಅರ್ಧ.

ಬೆರಳು ನೋವು ವಾಸಿಯಾಗಿಲ್ಲ, ಆಗೋದೂ ಇಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಆದರೆ ಆ ತೇಗದ ಚೌಕಟ್ಟಿನ ಕೆಲಸವನ್ನು ದೊಡ್ಡಪ್ಪ ಮತ್ತೆ ಒಪ್ಪಿಕೊಂಡರು. ಎಡಗಡೆ ಬಳ್ಳಿ ಮುಗಿದಿದೆ, ಬಲಗಡೆ ನಡೀತಿದೆ.

ಹೋದ ವಾರ ಹೊರಡುವಾಗ ಹಳೇ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ನನ್ನ ಬ್ಯಾಗಿಗೆ ಹಾಕಿದರು. ಬಸ್ಸಿನಲ್ಲಿ ಬಿಚ್ಚಿ ನೋಡಿದೆ. ಅಜ್ಜನ ಉಳಿ, ಐದು ಮಿಲಿಮೀಟರ್ ಗಿಡ್ಡ. ಫೋನ್ ಮಾಡಿ ಯಾಕೆ ಅಂತ ಕೇಳಿದೆ. "ಅದರ ಹದ ಎಲ್ಲಿಗೆ ಹೋಗ್ತದೆ ಅಂತ ನಿಂಗೆ ಗೊತ್ತಲ್ಲ" ಅಂದರು. ಆಮೇಲೆ ಬೆಲ್ಟು ಸಡಿಲ ಆಗಿದೆ, ಮುಂದಿನ ಸಲ ಬರುವಾಗ ಹೊಸದು ತಗೊಂಡು ಬಾ ಅಂತ ಫೋನ್ ಇಟ್ಟರು.