ಕರುವಿನ ಪಾಲು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಕೊಟ್ಟಿಗೆಯನ್ನು ಬಿಟ್ಟು ಅಡಿಕೆ ತೋಟವಿಲ್ಲ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯ ವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ದೊರೆತುದು, ಆ ಸೊಪ್ಪು ದನಗಳ ಕಾಲಡಿಯಲ್ಲಿ ಗೊಬ್ಬರವಾಗಿ ತೋಟವನ್ನು ಸೇರಲೆಂದೇ. ಇಂಥ ಸೀಮೆಯ ಕೊಟ್ಟಿಗೆಗಳಲ್ಲಿಯೇ ಹೊಟ್ಟೆ ಡೊಳ್ಳಾಗಿ, ರೋಮ ಒರಟಾಗಿ, ಎಲುಬು ಎಣಿಸುವಂತಾದ ಕರುಗಳು ಕಣ್ಣಿಗೆ ಬೀಳುವದು ವಿಷಾದದ ಸಂಗತಿ.

ಇದಕ್ಕೆ ಕಾರಣವು ಗುಟ್ಟಿನದೇನಲ್ಲ. ಡೇರಿಗೆ ಹಾಕಿದ ಹಾಲಿಗೆ ಹಣವುಂಟು. ಕರು ಕುಡಿದ ಹಾಲಿಗೆ ಇಲ್ಲ. ಸರಕಾರವು ೨೦೦೮ರಲ್ಲಿ ಆರಂಭಿಸಿ ೨೦೧೬ರಲ್ಲಿ ೫ ರೂಪಾಯಿಗೆ ಏರಿಸಿದ ಪ್ರೋತ್ಸಾಹಧನವೂ ಲೀಟರಿನ ಲೆಕ್ಕದ್ದೇ. ದಿನಕ್ಕೆ ಎರಡೂವರೆ ಲೀಟರಿನಂತೆ ಎರಡು ತಿಂಗಳು ಹಾಲು ಕುಡಿದ ಕರುವು ಒಡೆಯನಿಗೆ ಹಾಲಿನ ಬೆಲೆಯಲ್ಲದೆ ೭೫೦ ರೂಪಾಯಿ ಪ್ರೋತ್ಸಾಹಧನವನ್ನೂ ತಪ್ಪಿಸುವದು. ಬಡ ರೈತನು ಕರುವಿನ ಬಾಯಿಂದ ಹಾಲನ್ನು ಕಸಿದನೆಂದು ದೂರುವ ಮುನ್ನ ಈ ಲೆಕ್ಕವನ್ನು ಅಧಿಕಾರಿಗಳು ನೋಡಬೇಕು.

ಹುಟ್ಟಿದ ಒಂದೆರಡು ತಾಸಿನೊಳಗೆ ಗಿಣ್ಣದ ಹಾಲು ಹೊಟ್ಟೆಗೆ ಬೀಳದ ಕರುವಿಗೆ ಮುಂದೆ ಯಾವ ಔಷಧವೂ ಪೂರ್ತಿಯಾಗಿ ನೆರವಾಗದು. ರೋಗವನ್ನು ತಡೆಯುವ ಶಕ್ತಿಯು ಅದಕ್ಕೆ ಬರುವದು ಆ ಹಾಲಿನಿಂದಲೇ. ಎರಡನೆಯ ವಾರದಿಂದ ಹಿಡಿಯಷ್ಟು ಕರುವಿನ ಆಹಾರವನ್ನು ಮುಂದಿಡಬೇಕು. ಮೆಕ್ಕೆಜೋಳ, ತೌಡು, ಶೇಂಗಾ ಹಿಂಡಿಗಳಿಂದ ಮಾಡಿದ ಈ ಆಹಾರದಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಮಿಗಿಲಾಗಿ ಸಸಾರಜನಕವಿರಬೇಕು. ಧಾನ್ಯವು ಹೊಟ್ಟೆಯಲ್ಲಿ ಹುದುಗಿದಾಗ ಹುಟ್ಟುವ ಆಮ್ಲಗಳಿಂದಲೇ ಮೆಲುಕು ಹಾಕುವ ದೊಡ್ಡ ಹೊಟ್ಟೆಯು ಬಲಿಯುವದು. ಬರಿಯ ಹಾಲಿನಿಂದಾಗಲಿ ಬರಿಯ ಹುಲ್ಲಿನಿಂದಾಗಲಿ ಈ ಕೆಲಸ ಬೇಗನೆ ಆಗದು. ಯೂರಿಯಾ ಬೆರೆಸಿದ ದೊಡ್ಡ ದನಗಳ ಹಿಂಡಿಯು ಎಳೆಗರುವಿಗೆ ವಿಷವೇ ಸರಿ.

ಘಟ್ಟದ ಮಳೆಯು ಮಣ್ಣಿನ ಸುಣ್ಣವನ್ನು ತೊಳೆದೊಯ್ಯುವದು. ಬೆಟ್ಟದ ಒಣ ಕರಡದಲ್ಲಿ ರಂಜಕವು ತೀರ ಕಡಿಮೆ. ಆದುದರಿಂದ ಇಲ್ಲಿ ಖನಿಜ ಮಿಶ್ರಣವು ಶ್ರೀಮಂತರ ಶೋಕಿಯಲ್ಲ. ಆದರೆ ಜಂತುಹುಳು ತುಂಬಿದ ಹೊಟ್ಟೆಗೆ ಖನಿಜವನ್ನು ಸುರಿದು ಫಲವೇನು? ಕೆಲವು ಹುಳುಗಳು ತಾಯಿಯ ಹಾಲಿನಿಂದಲೇ ಕರುವಿಗೆ ಬರುವವು; ಮೊದಲನೆಯ ಔಷಧವನ್ನು ಹತ್ತು ಹದಿನೈದು ದಿನಗಳಲ್ಲಿಯೇ ಹಾಕಿಸಬೇಕು. ಅಂಗಡಿಯ ಬಣ್ಣದ ಟಾನಿಕ್ಕಿನ ಬಾಟಲಿಗೆ ಹಣ ಚೆಲ್ಲುವವರು ಇದನ್ನು ಮರೆಯುತ್ತಾರೆ.

ಮಲೆನಾಡು ಗಿಡ್ಡವು ೨೦೧೨ರಲ್ಲಿ ರಾಷ್ಟ್ರೀಯ ತಳಿಯೆಂದು ನೋಂದಣಿಯಾಯಿತು. ಈ ಸಣ್ಣ ದನವು ಬೆಟ್ಟ ಮೇಯ್ದು ಬದುಕಬಲ್ಲದು. ಆದರೆ ಸರಕಾರವೇ ಊರೂರಿಗೆ ವೀರ್ಯವನ್ನು ಕಳುಹಿಸಿ ಹುಟ್ಟಿಸಿದ ಮಿಶ್ರತಳಿಯ ಕರುವಿಗೆ ಗಿಡ್ಡದ ಪಾಲು ಸಾಲದು. ಎರಡೂವರೆ ವರ್ಷಕ್ಕೆ ಈಯಬೇಕಾದ ಕಡಸು ನಾಲ್ಕು ವರ್ಷ ಕಾಯಿಸಿದರೆ ಅಷ್ಟು ಕಾಲದ ಮೇವು ರೈತನ ತಲೆಯ ಮೇಲೆಯೇ.

ಕರ್ನಾಟಕ ಹಾಲು ಮಹಾಮಂಡಳಿಯ ಪಶು ಆಹಾರದ ಕಾರಖಾನೆಯು ಧಾರವಾಡದಲ್ಲಿಯೇ ಇದೆ. ಹಾಲಿನ ಸಂಘಗಳು ಹಳ್ಳಿಗಳಲ್ಲಿವೆ. ಕರು ಹುಟ್ಟಿದುದನ್ನು ಸಂಘದ ವಹಿಯಲ್ಲಿ ಬರೆದುಕೊಂಡು, ಮೊದಲ ಆರು ತಿಂಗಳ ಆಹಾರ, ಖನಿಜ, ಜಂತಿನ ಔಷಧಗಳನ್ನು ಪ್ರೋತ್ಸಾಹಧನದ ಬಾಬಿನಿಂದಲೇ ರೈತನ ಮನೆಗೆ ಮುಟ್ಟಿಸಲಿ. ಹೊಸ ಇಲಾಖೆಯೂ ಬೇಡ, ಹೊಸ ಕಚೇರಿಯೂ ಬೇಡ. ಬರುವ ಮಳೆಗಾಲದೊಳಗೆ ಈ ಮೂರು ತಾಲೂಕುಗಳಲ್ಲಿ ಇದನ್ನು ಆರಂಭಿಸಬೇಕೆಂದು ಪಶುಸಂಗೋಪನೆಯ ಮಂತ್ರಿಗಳನ್ನು ಒತ್ತಾಯಪಡಿಸುತ್ತೇವೆ.