ಉಸಿರೇ ಮೀಟರು, ಏರೇ ತಕ್ಕಡಿ

ಚನ್ನಪಟ್ಟಣದಲ್ಲಿರುವ ನನ್ನ ಅಕ್ಕನ ಮಗಳಿಗೆ ಹದಿನಾಲ್ಕು ವರ್ಷ. ಸೈಕಲ್ ಅಂದರೆ ಪ್ರಾಣ. ಅವಳದು ಹೊಸ ಸೈಕಲ್ಲೇನಲ್ಲ. ಅಣ್ಣ ಎಂಟನೇ ತರಗತಿಯಲ್ಲಿದ್ದಾಗ ಸರ್ಕಾರಿ ಶಾಲೆಯಲ್ಲಿ ಕೊಟ್ಟದ್ದು. 2006-07ರಲ್ಲಿ ಶುರುವಾದ ಆ ಯೋಜನೆಯ ಸೈಕಲ್ಲುಗಳು ಎಷ್ಟೋ ಮನೆಗಳಲ್ಲಿ ಹೀಗೆ ಒಬ್ಬರಿಂದ ಒಬ್ಬರಿಗೆ ದಾಟಿವೆ. ಗೇರ್ ಇಲ್ಲ, ತೂಕ ಮಾತ್ರ ಧಾರಾಳ.

ಒಂದು ದಿನ ಮುಖ ಊದಿಸಿಕೊಂಡು ಬಂದಳು. "ಮಾಮ, ಸ್ಪರ್ಧೆಗೆ ಬರೋರು ಪವರ್ ಮೀಟರ್ ಹಾಕ್ಕೊಂಡಿರ್ತಾರಂತೆ. ಅದಿಲ್ದೆ ನಾನು ಚೆನ್ನಾಗಾಗ್ತಿದ್ದೀನೋ ಇಲ್ವೋ ಹೇಗೆ ಗೊತ್ತಾಗುತ್ತೆ?"

ಪವರ್ ಮೀಟರ್ ಅಂದರೆ ನಾವು ಪೆಡಲಿನ ಮೇಲೆ ಎಷ್ಟು ಬಲ ಹಾಕುತ್ತಿದ್ದೇವೆ ಎಂದು ಅಳೆದು, ವ್ಯಾಟ್ ಲೆಕ್ಕದಲ್ಲಿ ತೋರಿಸುವ ಉಪಕರಣ. ಜರ್ಮನಿಯ ಉಲ್ರಿಚ್ ಶೋಬರರ್ 1986ರಲ್ಲಿ ಇದನ್ನು ಸೈಕಲ್ಲಿಗೆ ತಂದರು. ಬೆಲೆ ಹತ್ತಾರು ಸಾವಿರ ರೂಪಾಯಿ. ನಮ್ಮ ಭಾವ ಬೊಂಬೆ ಕಡೆಯುವ ಕೆಲಸದವರು. ಮಗಳ ಮಾತು ಕೇಳಿ ಏನೂ ಹೇಳಲಿಲ್ಲ, ಆದರೆ ಅವತ್ತು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ ಎಂದು ಅಕ್ಕ ಹೇಳಿದಳು.

ನಾನು ಅವಳಿಗೆ ಒಂದು ನೋಟ್‌ಬುಕ್ ಕೊಡಿಸಿದೆ. "ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1972ರಲ್ಲಿ ಒಂದೇ ಗಂಟೆಯಲ್ಲಿ 49.431 ಕಿಲೋಮೀಟರ್ ತುಳಿದು ವಿಶ್ವದಾಖಲೆ ಮಾಡಿದಾಗ ಪವರ್ ಮೀಟರೇ ಹುಟ್ಟಿರಲಿಲ್ಲ. ನಿಮ್ಮಪ್ಪ ಉಳಿ ಎಷ್ಟು ಒತ್ತಬೇಕು ಅನ್ನೋದನ್ನ ಮರ ತಿರುಗೋ ಸದ್ದಲ್ಲೇ ತಿಳ್ಕೊಳ್ತಾರಲ್ಲ, ಹಾಗೆ ನೀನೂ ಕಲಿ" ಎಂದೆ. ಅವಳು ಕಲಿತದ್ದನ್ನೇ ನಿಮಗೂ ಹೇಳುತ್ತೇನೆ.

ಮೊದಲನೆಯದು, ಬೆಳಗಿನ ನಾಡಿ. ಎದ್ದ ಕೂಡಲೇ ಹಾಸಿಗೆಯಲ್ಲೇ ಮಲಗಿ, ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕಡೆ ಎರಡು ಬೆರಳಿಟ್ಟು 30 ಸೆಕೆಂಡ್ ನಾಡಿ ಎಣಿಸಿ, ಎರಡರಿಂದ ಗುಣಿಸಿ. ಹೆಬ್ಬೆರಳಿಟ್ಟು ಎಣಿಸಬೇಡಿ, ಅದರದೇ ಮಿಡಿತ ಸೇರಿಕೊಂಡು ಲೆಕ್ಕ ತಪ್ಪಬಹುದು. ಅಭ್ಯಾಸ ಮೈಗೂಡಿದಂತೆ ಈ ಸಂಖ್ಯೆ ವಾರಗಳ ಮೇಲೆ ಮೆಲ್ಲಗೆ ಇಳಿಯುತ್ತದೆ. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು ಕಲಿತಿದೆ ಎಂದು ಅರ್ಥ.

ಎರಡನೆಯದು, ಮಾತಿನ ಪರೀಕ್ಷೆ. ಸೈಕಲ್ ತುಳಿಯುತ್ತಾ ಒಂದು ಹಾಡು ಹೇಳಲು ಆದರೆ ಅದು ಹಗುರ ಸವಾರಿ. ಮಾತಾಡಬಹುದು, ಹಾಡಲು ಆಗದು ಎಂದರೆ ಮಧ್ಯಮ. ಎರಡು ಪದಕ್ಕೇ ಉಸಿರು ಕಟ್ಟಿದರೆ ಜೋರು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಎಂಬ ಮನೋವಿಜ್ಞಾನಿ ಆಯಾಸಕ್ಕೆ 6ರಿಂದ 20ರವರೆಗೆ ಅಂಕ ಕೊಡುವ ಕ್ರಮವನ್ನೇ ಮಾಡಿದರು. 6 ಅಂದರೆ ಆರಾಮ, 20 ಅಂದರೆ ಇನ್ನು ಆಗದು. ಪ್ರತಿ ಸವಾರಿಗೂ ನಿಮಗನ್ನಿಸಿದ ಅಂಕ ಬರೆದಿಡಿ.

ಮೂರನೆಯದು, ಏರು. ನಮ್ಮ ತಾಲ್ಲೂಕುಗಳಲ್ಲಿ ಏರಿಗೇನು ಬರವೇ? ಮಾಗಡಿಯವರಿಗೆ ಸಾವನದುರ್ಗದ ಕಡೆಯ ದಾರಿಗಳಿವೆ. ಕನಕಪುರದಿಂದ ಸಂಗಮಕ್ಕೆ ಇಳಿದವರಿಗೆ ವಾಪಸ್ ಹತ್ತುವುದು ಏನೆಂದು ಗೊತ್ತು. ರಾಮನಗರದವರಿಗಂತೂ ಎತ್ತ ತಿರುಗಿದರೂ ಬಂಡೆ ಬೆಟ್ಟ. ವಾಹನ ಕಡಿಮೆ ಇರುವ ಒಂದು ಏರನ್ನು ಆರಿಸಿ. ಕೆಳಗೊಂದು ಗುರುತು, ಮೇಲೊಂದು ಗುರುತು. ಎರಡು ವಾರಕ್ಕೊಮ್ಮೆ, ಗಾಳಿಯಿಲ್ಲದ ಬೆಳಗ್ಗೆ, ಅದೇ ಸೈಕಲ್ಲಿನಲ್ಲಿ, ಚಕ್ರಕ್ಕೆ ಅಷ್ಟೇ ಗಾಳಿ ಹಾಕಿ ಹತ್ತಿ, ಹಿಡಿದ ಸಮಯ ಬರೆಯಿರಿ.

ಇದರಿಂದ ವ್ಯಾಟ್ ಕೂಡ ಲೆಕ್ಕ ಹಾಕಬಹುದು! ಒಂದು ಕಿಲೋ ತೂಕವನ್ನು ಒಂದು ಮೀಟರ್ ಎತ್ತಲು 9.8 ಜೌಲ್ ಶಕ್ತಿ ಬೇಕು. ಸೆಕೆಂಡಿಗೆ ಒಂದು ಜೌಲ್ ಅಂದರೆ ಒಂದು ವ್ಯಾಟ್. ನಮ್ಮ ಹುಡುಗಿಯ ತೂಕ 42 ಕಿಲೋ, ಸೈಕಲ್ 18, ಒಟ್ಟು 60. ಅವಳು ಆರಿಸಿದ ಏರಿನ ಎತ್ತರ, ಮೊಬೈಲ್ ನಕ್ಷೆಯಲ್ಲಿ ನೋಡಿದಂತೆ, 40 ಮೀಟರ್. ಅಂದರೆ 60 × 9.8 × 40 = 23,520 ಜೌಲ್. ಮೊದಲ ದಿನ 6 ನಿಮಿಷ 40 ಸೆಕೆಂಡ್, ಅಂದರೆ 400 ಸೆಕೆಂಡ್ ಹಿಡಿಯಿತು. ಭಾಗಿಸಿದರೆ ಸುಮಾರು 59 ವ್ಯಾಟ್. ಗಾಳಿ ಮತ್ತು ರಸ್ತೆಯ ಘರ್ಷಣೆ ಇದರಲ್ಲಿ ಸೇರಿಲ್ಲ, ಹಾಗಾಗಿ ನಿಜವಾದ ಅಂಕಿ ಇನ್ನೂ ಸ್ವಲ್ಪ ಹೆಚ್ಚೇ. ಆದರೆ ನಿಧಾನದ ಏರಿನಲ್ಲಿ ಬಹುಪಾಲು ಶಕ್ತಿ ಹೋಗುವುದು ತೂಕ ಎತ್ತಲಿಕ್ಕೇ. ನಿನ್ನೆಗೂ ಇವತ್ತಿಗೂ ಹೋಲಿಸಲು ಇಷ್ಟು ಸಾಕು.

ನಾಲ್ಕನೆಯದು, ಸುಧಾರಿಸಿಕೊಳ್ಳುವ ವೇಗ. ಏರು ಮುಗಿದ ಕೂಡಲೇ ದಾರಿ ಬದಿಗೆ ನಿಂತು 15 ಸೆಕೆಂಡ್ ನಾಡಿ ಎಣಿಸಿ, ನಾಲ್ಕರಿಂದ ಗುಣಿಸಿ. ಒಂದು ನಿಮಿಷ ಬಿಟ್ಟು ಮತ್ತೆ ಎಣಿಸಿ. ಎಷ್ಟು ಬೇಗ ಇಳಿಯುತ್ತದೋ ಅಷ್ಟು ಒಳ್ಳೆಯದು.

ಈಗ ನನ್ನ ತಪ್ಪಿನ ಕಥೆ. ನಾಲ್ಕನೇ ವಾರಕ್ಕೆ 6 ನಿಮಿಷ 5 ಸೆಕೆಂಡಿಗೆ ಇಳಿದಿದ್ದ ಸಮಯ ಆರನೇ ವಾರ ಮತ್ತೆ 6:25ಕ್ಕೆ ಏರಿತು. ಅತ್ತೇಬಿಟ್ಟಳು. ನಾನು ದೊಡ್ಡವನಂತೆ, "ಸೋಮಾರಿತನ ಬೇಡ, ನಾಳೆಯಿಂದ ಇನ್ನೂ ಜೋರಾಗಿ ತುಳಿ" ಎಂದೆ. ಅಕ್ಕ ಮಾತ್ರ ನೋಟ್‌ಬುಕ್ ತೆಗೆದು ನೋಡಿದಳು. 68ರ ಆಸುಪಾಸಿನಲ್ಲಿರುತ್ತಿದ್ದ ಬೆಳಗಿನ ನಾಡಿ ಮೂರು ದಿನದಿಂದ 80 ದಾಟಿತ್ತು. "ಮೈಯಲ್ಲಿ ಏನೋ ಸರಿಯಿಲ್ಲ, ನಾಳೆ ಸೈಕಲ್ ಮುಟ್ಟಬೇಡ" ಎಂದಳು. ಮರುದಿನ ಸಂಜೆಗೆ ಹುಡುಗಿಗೆ ಸುಡುವ ಜ್ವರ. ನನ್ನ ಮಾತು ಕೇಳಿದ್ದರೆ ಆ ಜ್ವರದಲ್ಲೇ ಏರು ಹತ್ತುತ್ತಿದ್ದಳು.

ದಿನವೂ ಬರೆದಿಟ್ಟಿದ್ದ ಆ ಪುಟವನ್ನು ನಾನು ನೋಡಿಯೇ ಇರಲಿಲ್ಲ. ನಾಡಿ ಎರಡು ಮೂರು ದಿನ ಮಾಮೂಲಿಗಿಂತ ಹೆಚ್ಚಿದ್ದರೆ ಸೈಕಲ್ ಗೋಡೆಗೆ ಒರಗಲಿ, ನಿದ್ದೆ ಮಾಡಿ. ಹತ್ತುವಾಗ ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿ, ವೈದ್ಯರನ್ನು ಕಾಣಿ. ನಲವತ್ತು ದಾಟಿದವರು ಮತ್ತು ಬಿಪಿ, ಸಕ್ಕರೆ ಇರುವವರು ಮೊದಲೇ ಕೇಳಿಕೊಂಡು ಶುರು ಮಾಡಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಸೈಕಲ್ಲಿಗೆ ಪ್ರವೇಶವಿಲ್ಲ. ಹಳ್ಳಿ ರಸ್ತೆಗಳೇ ನಮಗೆ ವಾಸಿ.

ಹತ್ತು ದಿನ ಪೂರ್ತಿ ವಿಶ್ರಾಂತಿ ಪಡೆದು, ಮತ್ತೆ ಹಗುರವಾಗಿ ಶುರು ಮಾಡಿದಳು. ಹನ್ನೆರಡನೇ ವಾರ ಅದೇ ಏರನ್ನು 5 ನಿಮಿಷ 36 ಸೆಕೆಂಡಿನಲ್ಲಿ ಹತ್ತಿದಳು. ವ್ಯಾಟ್ ಎಷ್ಟೆಂದು ನೀವೇ ಲೆಕ್ಕ ಹಾಕಿ ನೋಡಿ. ಅವಳಿಗೆ ಬಂದ ಉತ್ತರ 70. ಸ್ಪರ್ಧೆಯಲ್ಲಿ ಬಹುಮಾನವೇನೂ ಬರಲಿಲ್ಲ, ನಡುವಿನಲ್ಲೆಲ್ಲೋ ಗುರಿ ಮುಟ್ಟಿದಳು. ಮೀಟರಿನ ಮಾತು ಮತ್ತೆ ಎತ್ತಿಲ್ಲ. ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಈಗ ಅಪ್ಪನ ಬೆಳಗಿನ ನಾಡಿಯನ್ನೂ ಬರೆಯುತ್ತಿದ್ದಾಳೆ.

ಈ ಭಾನುವಾರ ನಿಮ್ಮೂರಿನ ಒಂದು ಏರು ಆರಿಸಿ, ಹಳೆಯ ನೋಟ್‌ಬುಕ್ ಹುಡುಕಿ. ಸಮಯ ಬರೆದು ನಮಗೂ ತಿಳಿಸಿ.