ರೆಸ್ಯೂಮ್‌ದಾಗ ಅಡ್ಡಹೆಸರು ಬರೀಬೇಕೋ ಬ್ಯಾಡೋ?

ಸ್ವಲ್ಪ ಉದ್ದ ಆಗೇತಿ, ಪುರುಸೊತ್ತು ಮಾಡ್ಕೊಂಡು ಓದ್ರಿ.

ಮೊನ್ನೆ ಭಾನುವಾರ ಅಲಖನೂರದ ನಮ್ಮ ಓಣಿಯ ಹುಡುಗನೊಬ್ಬ ಮನೆಗೆ ಬಂದಿದ್ದ. ಬಿ.ಕಾಂ. ಮುಗಿಸ್ಯಾನ. ನಾನು ಆಫೀಸಿನ ಕ್ಲರ್ಕ್, ಟೈಪಿಂಗ್ ಗೊತ್ತು ಅನ್ನೋ ಕಾರಣಕ್ಕೆ ಓಣಿಯಾಗ ಯಾರಿಗೆ ಅರ್ಜಿ ಬೇಕಾದರೂ ನನ್ನ ಕಡೆಗೇ ಬರ್ತಾರ. ಈ ಹುಡುಗ ಎರಡು ದಿನದ ಯಾವುದೋ 'ವ್ಯಕ್ತಿತ್ವ ವಿಕಸನ' ತರಬೇತಿಗೆ ಹೋಗಿ ಬಂದಿದ್ದ. ಅಲ್ಲಿ ಕೋಟು ಹಾಕಿದ ಸಾಹೇಬರು ಹೇಳಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರಕೊಂಡಿದ್ದ. ಜೀವನದಲ್ಲಿ ಎಲ್ಲರೂ ಸೇಲ್ಸ್‌ಮನ್‌ಗಳೇ. ಮೊದಲು ನಿಮ್ಮನ್ನ ನೀವು ಮಾರಿಕೊಳ್ಳಲು ಕಲಿಯಿರಿ. ನಗಿರಿ. ಕೈ ಗಟ್ಟಿ ಕುಲುಕಿರಿ. ಎದುರಿನವರ ಮನಸ್ಸು ಗೆಲ್ಲಿರಿ.

ರೆಸ್ಯೂಮ್ ಟೈಪ್ ಮಾಡಾಕ ಕುಂತೆ. ಮೊದಲನೇ ಸಾಲು, ಹೆಸರು. ಹುಡುಗ ಮೆಲ್ಲಕ ಅಂದ: "ಕಾಕಾ, ಅಡ್ಡಹೆಸರು ಬ್ಯಾಡ. ಅಪ್ಪನ ಹೆಸರಿನ ಮೊದಲನೇ ಅಕ್ಷರ ಅಷ್ಟ ಹಾಕ್ರಿ."

ನನ್ನ ಕೈ ಅಲ್ಲೇ ನಿಂತಿತು. ತನ್ನನ್ನ ತಾನು ಮಾರಿಕೊಳ್ಳಾಕ ಹೊರಟ ಹುಡುಗ ಮೊದಲು ಮಾಡಿದ ಕೆಲಸ, ತನ್ನ ಹೆಸರಿನ ಅರ್ಧ ಮುಚ್ಚಿಟ್ಟದ್ದು. ಇದನ್ನ ಅವನಿಗೆ ಯಾವ ತರಬೇತಿಯಾಗೂ ಹೇಳಿಕೊಟ್ಟಿರಲಿಲ್ಲ.

ಮನಸ್ಸು ಗೆಲ್ಲೋ ಕಲೆಯನ್ನ ನಮಗ ಕಲಿಸ್ತೀರೇನ್ರಿ? ನಮ್ಮ ಅಜ್ಜ ಅದರಾಗ ಪಿಎಚ್‌ಡಿ ಮಾಡಿದ್ದ. ಧಣಿ ಊಟ ಮಾಡಿ ಎಲೆಅಡಿಕೆ ಹಾಕ್ಕೊಂಡ ಮ್ಯಾಲೇ ಜೋಳ ಕೇಳಬೇಕು, ಅದಕ್ಕಿಂತ ಮೊದಲು ಕೇಳಬಾರದು. ವಲ್ಲಿ ಹೆಗಲಿಂದ ಬಗಲಿಗೆ ಬರಬೇಕು. ದನಿ ಇಳಿಬೇಕು. ಧಣಿಯ ಮಗನ್ನ ಹೊಗಳಬೇಕು, ಆದ್ರ ಬಾಳ ಹೊಗಳಬಾರದು. ಹೊಸ್ತಿಲದ ಹೊರಗ ನಿಂತು ಮುಖ ನೋಡಿ ಮನಸ್ಸು ಓದ್ತಿದ್ದ ನನ್ನ ಅಜ್ಜ. ಧಣಿ ಮಾತ್ರ ಒಂದು ದಿನಾನೂ ಅಜ್ಜನ ಮನಸ್ಸು ಗೆಲ್ಲೋ ಉಸಾಬರಿಗೆ ಹೋಗಲಿಲ್ಲ. ಅವನಿಗೆ ಅದರ ಅಗತ್ಯವೇ ಇರಲಿಲ್ಲ, ಹೊಲ ಅವನದಿತ್ತು.

ದನದ ಸಂತಿ ನೋಡಿರಬೇಕಲ್ಲ ನೀವು. ದಲಾಲರು ಟವೆಲ್ ಕೆಳಗ ಬೆರಳು ಹಿಡಿದು ರೇಟು ಮಾಡ್ತಾರ. ಎತ್ತಿನ ಹಲ್ಲು ಎಣಿಸ್ತಾರ, ಸುಳಿ ನೋಡ್ತಾರ. ಎತ್ತಿಗೆ ಯಾರೂ 'ನಿನ್ನ ನೀನೇ ಮಾರಿಕೋ' ಅನ್ನೋದಿಲ್ಲ. ನಮಗ ಹೇಳ್ತಾರ.

ಈ ಉಪದೇಶದ ಮೂಲಪುರುಷ ಅಮೆರಿಕದ ಡೇಲ್ ಕಾರ್ನೆಗಿ. ಜನರ ಸ್ನೇಹ ಗಳಿಸಿ ಪ್ರಭಾವ ಬೀರೋದು ಹೆಂಗ ಅಂತ ಆತ ಬರೆದ ಪುಸ್ತಕ 1936ರಲ್ಲಿ ಬಂತು. ಮನುಷ್ಯನಿಗೆ ತನ್ನ ಹೆಸರಿನಷ್ಟು ಸಿಹಿಯಾದ ಶಬ್ದ ಇನ್ನೊಂದಿಲ್ಲ ಅನ್ನೋದು ಆತನ ಪಾಠಗಳಲ್ಲಿ ಒಂದು. ಯಾರ ಹೆಸರು ಸ್ವಾಮಿ? ನಮ್ಮ ಕಡೆ ಹೆಸರು ಹೇಳಿದ ಕೂಡಲೇ ಎದುರಿನವನ ಮುಖದ ನಗು ಅರ್ಧ ಆಗ್ತದ. ಅಡ್ಡಹೆಸರು ತಿಳೀಲಿಲ್ಲ ಅಂದ್ರ 'ಊರಾಗ ಯಾವ ಓಣಿ?' ಅಂತ ಕೇಳ್ತಾರ. ಕುತೂಹಲ ನೋಡ್ರಿ! ಇನ್ನೊಂದು ಮಾತು: ಕಾರ್ನೆಗಿ ಹುಟ್ಟಿದಾಗ ಅವನ ಅಡ್ಡಹೆಸರಿನ ಸ್ಪೆಲಿಂಗೇ ಬ್ಯಾರೆ ಇತ್ತು, ಆಮ್ಯಾಲೆ ಬದಲಿ ಮಾಡಿಕೊಂಡ. ಅವನಿಗೆ ಅದು ವ್ಯಾಪಾರ. ನಮ್ಮ ಹುಡುಗನಿಗೆ ಅದು ಬಚಾವಾಗೋ ದಾರಿ.

ಬಾಬಾಸಾಹೇಬರೂ ಈ ದಾರಿಯಲ್ಲಿ ಒಮ್ಮೆ ನಡೆದಿದ್ದಾರೆ. 1917ರಲ್ಲಿ, ಕೊಲಂಬಿಯಾದಲ್ಲಿ ಎಂ.ಎ. ಮುಗಿಸಿ ಲಂಡನ್ನಿನಿಂದ ಬರೋಡಾ ಸಂಸ್ಥಾನದ ನೌಕರಿಗೆ ಬಂದಾಗ, ಇರಲು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಹನ್ನೊಂದನೇ ದಿನ ಹತ್ತಾರು ಪಾರ್ಸಿಗಳು ಬಡಿಗೆ ಹಿಡಿದು ಬಂದು ಹೊರಹಾಕಿದರು. ರಾತ್ರಿ ರೈಲಿಗೆ ಕಾಯುತ್ತಾ ಸಾರ್ವಜನಿಕ ಉದ್ಯಾನದಲ್ಲಿ ಕೂತಿದ್ದರು. ಆಗ ಅವರ ವಯಸ್ಸು 26. ಮುಂಬೈಗೆ ಹೋಗಿ ಹೂಡಿಕೆ ಸಲಹೆ ಕೊಡುವ ಒಂದು ವ್ಯವಹಾರ ಶುರು ಮಾಡಿದರು. ಅರ್ಥಶಾಸ್ತ್ರದಲ್ಲಿ ಅವರಷ್ಟು ಓದಿದವರು ಆ ಕಾಲಕ್ಕೆ ಎಷ್ಟು ಮಂದಿ ಇದ್ದರು? ಜಾತಿ ಗೊತ್ತಾದ ಮೇಲೆ ಗಿರಾಕಿಗಳು ಬರೋದು ನಿಂತಿತು. ಅವರಿಗೆ ಯಾವ 'ಸ್ಕಿಲ್' ಕಡಿಮೆ ಬಿದ್ದಿತ್ತು, ಕೋಟಿನ ಸಾಹೇಬರು ಹೇಳಲಿ.

ಅದೆಲ್ಲ ಹಳೇ ಕತೆ ಅನ್ನೋರಿಗೆ: ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಅವರ ಅಧ್ಯಯನ 2007ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಬಂತು. ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಸಾವಿರಾರು ಅರ್ಜಿ ಕಳಿಸಿದರು. ಓದು, ಅನುಭವ ಸಮ, ಹೆಸರು ಬೇರೆ. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಂಭವ ಸುಮಾರು ಮೂರನೇ ಎರಡು ಪಾಲು. ಮುಸ್ಲಿಂ ಹೆಸರಿಗೆ ಮೂರನೇ ಒಂದು. ಅಲ್ಲಿ ಯಾರೂ ನಕ್ಕಿರಲಿಲ್ಲ, ಯಾರೂ ಕೈ ಕುಲುಕಿರಲಿಲ್ಲ. ಬರೀ ಕಾಗದ, ಅದರ ಮೇಲೊಂದು ಹೆಸರು.

ನನ್ನದೂ ಒಂದು ಹೇಳ್ತೀನಿ. ನೌಕರಿ ಹತ್ತಿದ ಹೊಸದರಲ್ಲಿ ಪಟ್ಟಣದಲ್ಲಿ ಬಾಡಿಗೆ ಮನೆ ಹುಡುಕಿದೆ. ಇಸ್ತ್ರಿ ಅಂಗಿ, ಸಂಬಳದ ಚೀಟಿ, ನಗುಮುಖ, ಎಲ್ಲ ಇತ್ತು. ಒಂದು ಮನೆಯ ಯಜಮಾನಿ ಚಾ ಕೊಟ್ಟು ಅಡ್ವಾನ್ಸ್ ಮಾತಾಡಿದರು, ಆಮೇಲೆ ಹೆಸರು ಕೇಳಿದರು. ಮರುದಿನ 'ನಮ್ಮ ಸಂಬಂಧಿಕರು ಬರೋರಿದ್ದಾರೆ' ಅಂದರು. ಆ ಮನೆ ಮುಂದ ನಾಲ್ಕು ತಿಂಗಳು 'ಬಾಡಿಗೆಗೆ ಇದೆ' ಬೋರ್ಡ್ ಇತ್ತು. ದಿನಾ ಆಫೀಸಿಗೆ ಹೋಗುವಾಗ ನೋಡ್ತಿದ್ದೆ. ಆ ನಾಲ್ಕು ತಿಂಗಳು ನನ್ನಲ್ಲೇ ಏನೋ ಕೊರತೆ ಐತಿ ಅಂದ್ಕೊಂಡಿದ್ದೆ ನೋಡ್ರಿ, ಅದಕ್ಕ ನನಗ ಇವತ್ತಿಗೂ ಸಿಟ್ಟು ಐತಿ. ಈ ಮಾರಿಕೊಳ್ಳೋ ಪಾಠದ ಮೋಸ ಇರೋದು ಇಲ್ಲೇ. ಬಾಗಿಲು ಹಾಕಿದವನ ತಪ್ಪನ್ನ ಹೊರಗ ನಿಂತವನ ನಗುವಿನ ತಪ್ಪು ಮಾಡ್ತದ.

ನಮ್ಮವರೇ ಕೆಲವರು ಕಾಮೆಂಟ್ ಹಾಕ್ತೀರಿ, 'ಅಣ್ಣಾ ನೆಗೆಟಿವ್ ಬ್ಯಾಡ, ಹುಡುಗರು ಮಾತಾಡಾಕ ಕಲೀಬೇಕಲ್ಲ' ಅಂತ. ಕಲೀಬೇಕು. ನಾನೇ ಕಲಿಸ್ತೀನಿ. ಆದ್ರ ವಾದ ಮಾಡಿ ಒಪ್ಪಿಸೋದು ಬ್ಯಾರೆ, ನನ್ನ ಮೆಚ್ಚಿಕೊಳ್ರಿ ಅಂತ ನಿಲ್ಲೋದು ಬ್ಯಾರೆ. 1925ರಲ್ಲಿ ನಮ್ಮ ನಿಪ್ಪಾಣಿಗೆ ಬಾಬಾಸಾಹೇಬರು ಶೋಷಿತ ವರ್ಗಗಳ ಪರಿಷತ್ತಿನ ಅಧ್ಯಕ್ಷತೆಗೆ ಬಂದದ್ದು ಒಪ್ಪಿಸಲಿಕ್ಕೇ. ಕಾರ್ನೆಗಿ ಪುಸ್ತಕ ಬಂದ ಅದೇ 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ಭಾಷಣದಲ್ಲಿ ತಿದ್ದುಪಡಿ ಕೇಳಿದಾಗ ಅವರು ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಭಾಷಣವನ್ನ ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಎರಡು ತಿಂಗಳೊಳಗೆ ಖಾಲಿ! ಪುಸ್ತಕ ಮಾರಿದರು, ತಮ್ಮನ್ನಲ್ಲ.

ನನಗೆ ನೌಕರಿ ಸಿಕ್ಕಿದ್ದು ಅಂಕದ ಮೇಲೆ, ಮೀಸಲಾತಿಯ ರೋಸ್ಟರ್ ಮೇಲೆ. ರಿಜಿಸ್ಟರ್ ನಂಬರಿಗೆ ನಗೋ ಅಗತ್ಯ ಇರಲಿಲ್ಲ. ಕೇಂದ್ರ ಸರ್ಕಾರದ ಕೆಳದರ್ಜೆ ಹುದ್ದೆಗಳಿಗೆ 2016ರಿಂದ ಸಂದರ್ಶನ ತೆಗೆದರು, ಒಳ್ಳೇದೇ ಆಯ್ತು. ಆದ್ರ ಹುದ್ದೆ ಎಲ್ಲಿ ಅದಾವ? ಎಲ್ಲ ಹೊರಗುತ್ತಿಗೆ. ಏಜೆನ್ಸಿಯವನ ಮನಸ್ಸು ಗೆಲ್ಲಬೇಕು, ಮತ್ತ ಅಜ್ಜನ ಕಾಲದ ಹೊಸ್ತಿಲಿಗೇ ಬಂದ್ವಿ. ಹೊರಗುತ್ತಿಗೆಯಲ್ಲೂ ಮೀಸಲಾತಿ ಪಾಲಿಸಬೇಕು ಅಂತ ರಾಜ್ಯ ಸರ್ಕಾರ 2024ರಲ್ಲಿ ಆದೇಶ ಮಾಡೇತಿ. ನಿಮ್ಮ ತಾಲೂಕಿನ ಕಚೇರಿಗಳಲ್ಲಿ ಹೊರಗುತ್ತಿಗೆ ಮೇಲೆ ಎಷ್ಟು ಜನ ಇದ್ದಾರೆ, ಏಜೆನ್ಸಿ ಯಾವುದು, ನಮ್ಮವರು ಎಷ್ಟು? ಹತ್ತು ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕ್ರಿ.

ರೆಸ್ಯೂಮ್ ಏನಾಯ್ತು ಅಂತೀರಾ? ಖಾಸಗಿ ಕಂಪನಿಗಳಿಗೆ ಅಡ್ಡಹೆಸರು ಬಿಟ್ಟೇ ಟೈಪ್ ಮಾಡಿಕೊಟ್ಟೆ. ಹೊಟ್ಟಿಪಾಡು ಅವನದು, ಶೂರತನ ನನ್ನದಾಗಬಾರದು. ಹೊರಗುತ್ತಿಗೆ ಡೇಟಾ ಎಂಟ್ರಿ ಕೆಲಸದ ಅರ್ಜಿಗೆ ಮಾತ್ರ ಪೂರ್ತಿ ಹೆಸರು ಹಾಕಿ ಜಾತಿ ಪ್ರಮಾಣಪತ್ರ ಲಗತ್ತಿಸಿದ್ವಿ. ಸ್ವೀಕೃತಿ ಸಹಿ ಇಸ್ಕೊಂಡೇ ಬಾ ಅಂದಿದ್ದೆ. ಮೊದಲು ಕೊಡಾಕ ಒಲ್ಲೆ ಅಂದರಂತ. ಮಧ್ಯಾಹ್ನದ ತನಕ ಅಲ್ಲೇ ನಿಂತು ಇಸ್ಕೊಂಡು ಬಂದಾನ, ಸೀಲು ಸಮೇತ.

ಮಾಹಿತಿ ಹಕ್ಕು ಅರ್ಜಿಯ ನಮೂನೆ ನನ್ನ ಕಡೆ ಐತಿ. ಬೇಕಾದವರು ಇನ್‌ಬಾಕ್ಸ್ ಮಾಡ್ರಿ, ಭಾನುವಾರ ಕಳಿಸ್ತೀನಿ.